ಟೈಪ್-ಸಿ ಪೋರ್ಟ್ ಎರಡೂ ಒಟ್ಟಿಗೆ ಸತ್ತಿವೆ: ಚಾರ್ಜೂ ಇಲ್ಲ, ಡೇಟಾನೂ ಇಲ್ಲ

ಅಘನಾಶಿನಿ_ದಡ · ಜುಲೈ 8, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರ ಹಳ್ಳಿಯಲ್ಲಿ ಕೂತು ಜಿಎಸ್‌ಟಿ ರಿಟರ್ನ್ ತುಂಬಿಕೊಡುವ ಕೆಲಸ ನನ್ನದು. 11ನೇ ತಾರೀಕು ಜಿಎಸ್‌ಟಿಆರ್-1ಕ್ಕೆ ಕೊನೆ ದಿನ. ಅದಕ್ಕೆ ಸರಿಯಾಗಿ ಲ್ಯಾಪ್‌ಟಾಪ್ ಕೈಕೊಟ್ಟಿದೆ.

2018ರ ಸುಮಾರಿನ ಆಫೀಸ್ ಮಾಡೆಲ್, ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ವರ್ಷ ಆಯಿತು. ಎಡಗಡೆ ಎರಡು ಟೈಪ್-ಸಿ ಪೋರ್ಟ್, ಬಲಗಡೆ ಹಳೇ ಚಪ್ಪಟೆ ಯುಎಸ್‌ಬಿ ಎರಡು. ಇಷ್ಟು ದಿನ ಒಂದು ಟೈಪ್-ಸಿಗೆ ಹಬ್ ಹಾಕಿ ಅದರಲ್ಲೇ ಚಾರ್ಜರ್, ಮಾನಿಟರ್, ನೆಟ್ ವೈರ್ ಎಲ್ಲಾ ಸಿಕ್ಕಿಸುತ್ತಿದ್ದೆ. ಇವತ್ತು ಸಂಜೆ ಹಾಲು ಡೇರಿಗೆ ಕೊಟ್ಟು ಬಂದು ನೋಡಿದರೆ ಮಾನಿಟರ್ ಕಪ್ಪು, ಚಾರ್ಜ್ ಲೈಟ್ ಇಲ್ಲ. ಚಾರ್ಜರನ್ನು ನೇರವಾಗಿ ಹಾಕಿದೆ, ಇಲ್ಲ. ಪಕ್ಕದ ಪೋರ್ಟಿಗೆ ಹಾಕಿದೆ, ಅಲ್ಲೂ ಇಲ್ಲ. ಅದೇ ಚಾರ್ಜರ್‌ನಿಂದ ಫೋನ್ ಆರಾಮಾಗಿ ಚಾರ್ಜ್ ಆಗುತ್ತದೆ. ಬಲಗಡೆಯ ಯುಎಸ್‌ಬಿಯಲ್ಲಿ ಮೌಸ್, ಪೆನ್‌ಡ್ರೈವ್ ನಡೆಯುತ್ತಿವೆ. ಎರಡು ಸಲ ರೀಸ್ಟಾರ್ಟ್ ಮಾಡಿದೆ. ಬ್ಯಾಟರಿ ಈಗ 41%.

ಪೇಟೆಯ ಒಂದು ಅಂಗಡಿಗೆ ಫೋನ್ ಮಾಡಿದರೆ "ಮದರ್‌ಬೋರ್ಡ್ ಹೋಗಿದೆ, 22 ಸಾವಿರ ಆಗಬಹುದು" ಅಂದರು. ನೋಡದೇನೇ ಹೇಳಿದರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೈಸೂರ್_ಪಾಕ್_ಪ್ರೇಮಿ · ಜುಲೈ 8, ರಾತ್ರಿ 9:52

ನಿಮ್ಮ ಕಡೆ ಈಗ ಮಳೆ ಜೋರು ಅಲ್ವಾ ಸರ್? ತೇವ ಹೋಗಿರುತ್ತದೆ. ಪೋರ್ಟ್ ಒಳಗೆ ಸ್ವಲ್ಪ ಡಬ್ಲ್ಯುಡಿ-40 (ತುಕ್ಕು ಬಿಡಿಸುವ ಸ್ಪ್ರೇ) ಹೊಡೆದು ಹತ್ತು ನಿಮಿಷ ಬಿಡಿ. ನನ್ನ ಸ್ಕೂಟರ್ ಕೀ ಹೋಲ್ ಹಾಗೇ ಸರಿಹೋಯಿತು.

ಬೆಸುಗೆ_ಕಡ್ಡಿ · ಜುಲೈ 8, ರಾತ್ರಿ 10:06

ದಯವಿಟ್ಟು ಹೊಡೆಯಬೇಡಿ. ಕೀ ಹೋಲ್ ಬೇರೆ, ಟೈಪ್-ಸಿ ಬೇರೆ. ಮಾಮೂಲಿ ಡಬ್ಲ್ಯುಡಿ-40 ಒಣಗಿದ ಮೇಲೂ ಎಣ್ಣೆಯ ಪದರ ಉಳಿಸುತ್ತದೆ, ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ. ಅಷ್ಟು ಚಿಕ್ಕ ಬಾಯಲ್ಲಿ 24 ಪಿನ್ ಇವೆ, ಒಂದಕ್ಕೂ ಇನ್ನೊಂದಕ್ಕೂ ಅರ್ಧ ಮಿಲಿಮೀಟರ್ ದೂರ.

ಅಘನಾಶಿನಿಯವರೇ, ನಾನು ಬೆಂಗಳೂರಿನಲ್ಲಿ ಚಿಪ್ ಲೆವೆಲ್ ರಿಪೇರಿ ಮಾಡುತ್ತೇನೆ. ಇನ್ನೇನು ಮಾಡುವ ಮುಂಚೆ ಕ್ಲೈಂಟ್‌ಗಳ ಫೈಲು, ಎಕ್ಸೆಲ್ಲು ಎಲ್ಲಾ ಬಲಗಡೆ ಯುಎಸ್‌ಬಿಯಿಂದ ಪೆನ್‌ಡ್ರೈವಿಗೆ ಕಾಪಿ ಮಾಡಿ. 41% ಇದೆ ಅಂದರೆ ಈಗಲೇ ಮಾಡಿ. ಆಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿ ಮಲಗಿ. ಬ್ಯಾಟರಿ ಪೂರ್ತಿ ಇಳಿದರೆ ಪರೀಕ್ಷೆ ಮಾಡಲಿಕ್ಕೂ ಆಗುವುದಿಲ್ಲ.

ನಾಳೆ ಎರಡು ವಿಷಯ ತಿಳಿಸಿ.

ಒಂದು, ಚಾರ್ಜರ್ ಕೇಬಲ್ಲಿನ ತುದಿಯನ್ನು ತಿರುಗಿಸಿ ಹಾಕಿದರೆ ಏನಾಗುತ್ತದೆ? ಟೈಪ್-ಸಿಯನ್ನು ಹೇಗೆ ಹಾಕಿದರೂ ನಡೆಯಬೇಕು. ಒಂದು ಕಡೆ ನಡೆದು ಇನ್ನೊಂದು ಕಡೆ ನಡೆಯದಿದ್ದರೆ ಅರ್ಧ ಕಾಯಿಲೆ ಅಲ್ಲೇ ಗೊತ್ತಾಯಿತು.

ಎರಡು, ಯಾರ ಹತ್ತಿರವಾದರೂ ಟೈಪ್-ಸಿ ಮೀಟರ್ ಸಿಗುತ್ತದಾ? ಹೆಬ್ಬೆರಳಿನಷ್ಟು ದೊಡ್ಡದು, ಕೇಬಲ್ಲಿಗೂ ಪೋರ್ಟಿಗೂ ನಡುವೆ ಹಾಕುವುದು, ವೋಲ್ಟ್ ಮತ್ತು ಆಂಪ್ ತೋರಿಸುತ್ತದೆ. ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. 22 ಸಾವಿರದ ಮಾತು ಬಂದಾಗ ಅದು ದುಬಾರಿ ಏನಲ್ಲ.

ಅಘನಾಶಿನಿ_ದಡ · ಜುಲೈ 8, ರಾತ್ರಿ 10:48

ಕಾಪಿ ಆಯಿತು. 36% ಉಳಿದಿದೆ, ಆಫ್ ಮಾಡಿದೆ. ಇದು ಫೋನಿನಿಂದ ಬರೆಯುತ್ತಿರುವುದು. ಮೀಟರ್ ನಮ್ಮೂರ ಕೇಬಲ್ ಟಿವಿ ಹುಡುಗನ ಹತ್ತಿರ ಇದೆಯಂತೆ.

ಅಂದ ಹಾಗೆ, ನಮ್ಮಮ್ಮ ಲ್ಯಾಪ್‌ಟಾಪನ್ನು ಒಲೆ ಮೇಲಿನ ಅಟ್ಟದಲ್ಲಿ ಒಂದು ರಾತ್ರಿ ಇಡು ಅಂತಾರೆ. ಮಳೆಗಾಲದಲ್ಲಿ ಅಡಿಕೆ, ಕೊಡೆ, ನನ್ನ ಶಾಲೆಯ ಚೀಲ ಎಲ್ಲಾ ಅಲ್ಲೇ ಒಣಗಿದ್ದು.

ಬೆಸುಗೆ_ಕಡ್ಡಿ · ಜುಲೈ 8, ರಾತ್ರಿ 10:55

ಅಮ್ಮನಿಗೆ ನಮಸ್ಕಾರ ಹೇಳಿ, ಅಟ್ಟ ಮಾತ್ರ ಬೇಡ. ಬ್ಯಾಟರಿಗೆ ಬಿಸಿ ಆಗದು. ಹೊಗೆ ಅಂತೂ ಆಗುವುದೇ ಇಲ್ಲ.

ಪೆಂಗ್ವಿನ್_ಪ್ರಿಯ · ಜುಲೈ 9, ಬೆಳಗ್ಗೆ 7:15

ಇನ್ನೊಂದು ಸಣ್ಣ ವಿಷಯ. ಬ್ಯಾಟರಿ 80% ದಾಟಬಾರದು ಅಂತ ಕಂಪನಿ ಸಾಫ್ಟ್‌ವೇರಿನಲ್ಲಿ ಸೆಟ್ ಮಾಡಿಟ್ಟು, ಆಮೇಲೆ "ಚಾರ್ಜ್ ಆಗುತ್ತಿಲ್ಲ" ಅಂತ ಬರುವವರು ತುಂಬಾ ಜನ. ನಾನೂ ಒಮ್ಮೆ ಬಂದಿದ್ದೆ. ಆದರೆ 41%ನಲ್ಲಿ ಮಾನಿಟರ್ ಕೂಡ ಇಲ್ಲ ಅಂದರೆ ಇವರದ್ದು ಅದಲ್ಲ.

ಅಘನಾಶಿನಿ_ದಡ · ಜುಲೈ 9, ಬೆಳಗ್ಗೆ 11:20

ಮೀಟರ್ ಸಿಕ್ಕಿತು. ಚಾರ್ಜರ್ 65 ವಾಟಿನದು, ಲ್ಯಾಪ್‌ಟಾಪ್ ಜೊತೆಗೇ ಬಂದದ್ದು. ಮೊದಲ ಪೋರ್ಟಿನಲ್ಲಿ 5.1 ವೋಲ್ಟ್, 0.01 ಆಂಪ್. ತಿರುಗಿಸಿ ಹಾಕಿದರೂ ಅಷ್ಟೇ. ಎರಡನೇ ಪೋರ್ಟಿನಲ್ಲಿ ಎರಡೂ ಕಡೆ ಅದೇ 5.1. ಫೋನಿಗೆ ಹಾಕಿದರೆ 9 ವೋಲ್ಟ್, 1.6 ಆಂಪ್.

ಟಾರ್ಚ್ ಹಾಕಿ ನೋಡಿದೆ. ಒಳಗೆ ಕಸ ಇಲ್ಲ, ನಡುವಿನ ನಾಲಗೆ ನೆಟ್ಟಗಿದೆ.

ಬೆಸುಗೆ_ಕಡ್ಡಿ · ಜುಲೈ 9, ಮಧ್ಯಾಹ್ನ 1:10

ಬಹಳ ಒಳ್ಳೆಯ ಸುದ್ದಿ. ಊಟ ಮಾಡುತ್ತಾ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಟೈಪ್-ಸಿ ಚಾರ್ಜರ್ ನಾಚಿಕೆ ಸ್ವಭಾವದ್ದು. ಗೋಡೆಗೆ ಹಾಕಿದ ತಕ್ಷಣ ಕರೆಂಟ್ ಹರಿಸುವುದಿಲ್ಲ. ಪೋರ್ಟಿನಲ್ಲಿ ಸಿಸಿ ಅನ್ನುವ ಎರಡು ಪಿನ್ ಇವೆ, ಮೇಲ್ಸಾಲಿನಲ್ಲಿ ಒಂದು, ಕೆಳಸಾಲಿನಲ್ಲಿ ಒಂದು. ಲ್ಯಾಪ್‌ಟಾಪ್ ಆ ಪಿನ್ನಿನಲ್ಲಿ 5.1 ಕಿಲೋ ಓಮ್ ರೆಸಿಸ್ಟರ್ ತೋರಿಸಿ "ನಾನು ಇಲ್ಲಿದ್ದೇನೆ" ಅನ್ನುತ್ತದೆ. ಅದು ಕಂಡ ಮೇಲೆ ಚಾರ್ಜರ್ 5 ವೋಲ್ಟ್ ಬಿಡುತ್ತದೆ. ಆಮೇಲೆ ಅದೇ ಪಿನ್ನಿನ ಮೇಲೆ ಇಬ್ಬರೂ ಮಾತಾಡಿಕೊಳ್ಳುತ್ತಾರೆ. "ನನ್ನ ಹತ್ತಿರ 5, 9, 15, 20 ವೋಲ್ಟ್ ಇದೆ, ಯಾವುದು ಬೇಕು?" "20 ಕೊಡು." ಇದಕ್ಕೆ ಪವರ್ ಡೆಲಿವರಿ, ಚಿಕ್ಕದಾಗಿ ಪಿಡಿ ಅಂತಾರೆ. ಮಾತು ಮುಗಿದ ಮೇಲೇ 20 ವೋಲ್ಟ್ ಬರುವುದು.

ಈಗ ಮೀಟರ್ ಹೇಳುವುದನ್ನು ಹೀಗೆ ಓದಿ. ಮೀಟರ್ ಸ್ಕ್ರೀನೇ ಹತ್ತದಿದ್ದರೆ ಚಾರ್ಜರಿಗೆ ಲ್ಯಾಪ್‌ಟಾಪ್ ಕಾಣಿಸಿಯೇ ಇಲ್ಲ: ಪಿನ್ ಮುರಿದಿದೆ, ಕೊಳೆ ಇದೆ, ಬೆಸುಗೆ ಬಿಟ್ಟಿದೆ, ಇಲ್ಲಾ ಕೇಬಲ್ ಸತ್ತಿದೆ. 5 ವೋಲ್ಟಿನಲ್ಲಿ ನಿಂತರೆ ಕಂಡಿದೆ, ಆದರೆ ಮಾತುಕತೆ ಆಗಿಲ್ಲ. 20 ವೋಲ್ಟ್ ಬಂದೂ ಆಂಪ್ ಸೊನ್ನೆ ಇದ್ದರೆ ಮಾತುಕತೆ ಆಗಿದೆ, ಒಳಗೆ ಬ್ಯಾಟರಿ ಅಥವಾ ಚಾರ್ಜಿಂಗ್ ಸರ್ಕ್ಯೂಟ್ ತಗೊಳ್ಳುತ್ತಿಲ್ಲ. ಈ ಲೆಕ್ಕ ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿಗೆ ಮಾತ್ರ. ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ ಆಗಿದ್ದರೆ 5 ವೋಲ್ಟ್ ಯಾವಾಗಲೂ ಇರುತ್ತದೆ, ಮೋಸ ಹೋಗಬೇಡಿ.

ನಿಮ್ಮದು ಎರಡನೆಯದು. ಎರಡು ಪೋರ್ಟ್, ಎರಡೂ ಕಡೆ, ನಾಲ್ಕೂ ಸಲ ಒಂದೇ ಉತ್ತರ. ಒಂದೇ ಸಂಜೆ ಎರಡು ಪೋರ್ಟಿನ ಪಿನ್ ಒಟ್ಟಿಗೆ ಮುರಿಯುವುದಿಲ್ಲ. ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಈ ಮಾತುಕತೆ ಆಡುವ ಪಿಡಿ ಚಿಪ್ ಒಂದೇ ಇದ್ದು ಅದೇ ಎರಡು ಪೋರ್ಟನ್ನೂ ನೋಡಿಕೊಳ್ಳುತ್ತದೆ. ಆ ಚಿಪ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂತ ನನ್ನ ಅನುಮಾನ.

"ರೀಸ್ಟಾರ್ಟ್ ಮಾಡಿದೆನಲ್ಲಾ" ಅನ್ನಬಹುದು. ರೀಸ್ಟಾರ್ಟ್, ಶಟ್‌ಡೌನ್ ಯಾವುದೂ ಈ ಚಿಪ್ಪಿಗೆ ತಾಗುವುದಿಲ್ಲ. ಆಫ್ ಆಗಿದ್ದರೂ ಚಾರ್ಜರ್ ಬಂದರೆ ಗೊತ್ತಾಗಬೇಕಲ್ಲ, ಅದಕ್ಕೆ ಬ್ಯಾಟರಿಯಿಂದ ಸದಾ ಊಟ ಹೋಗುತ್ತಿರುತ್ತದೆ. ಅದನ್ನು ಉಪವಾಸ ಕೆಡವಬೇಕು. ಚಾರ್ಜರ್ ತೆಗೆಯಿರಿ, ಆಫ್ ಮಾಡಿ. ಲ್ಯಾಪ್‌ಟಾಪ್ ತಳದಲ್ಲಿ ಸೂಜಿ ತೂತಿನಂಥ ರೀಸೆಟ್ ಇದೆಯಾ ನೋಡಿ. ಆಫೀಸ್ ಮಾಡೆಲ್‌ಗಳಲ್ಲಿ ಇರುವುದುಂಟು. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಒಳಗಿನ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಸ್ಪೀಕರ್ ತೂತಿಗೆ ಚುಚ್ಚಬೇಡಿ, ಮೊದಲು ನಿಮ್ಮ ಮಾಡೆಲ್ಲಿನ ಕೈಪಿಡಿ ನೋಡಿ. ತೂತು ಇಲ್ಲದಿದ್ದರೆ ಪವರ್ ಬಟನ್ 30 ಸೆಕೆಂಡ್ ಒತ್ತಿ. ಅದೂ ಆಗದಿದ್ದರೆ ತಳ ಬಿಚ್ಚಿ ಬ್ಯಾಟರಿ ಕನೆಕ್ಟರ್ ತೆಗೆಯುವುದು. ಒಂದು ನಿಮಿಷ ಬಿಟ್ಟು ಚಾರ್ಜರನ್ನು ನೇರವಾಗಿ ಹಾಕಿ. ಹಬ್ ಸದ್ಯಕ್ಕೆ ದೂರ ಇರಲಿ.

ಅಘನಾಶಿನಿ_ದಡ · ಜುಲೈ 9, ಮಧ್ಯಾಹ್ನ 2:02

ಮಾರಾಯ್ರೇ!! ತೂತು ಇತ್ತು. ಒತ್ತಿದೆ. ಚಾರ್ಜರ್ ಹಾಕಿದೆ. ಮೀಟರ್ 5ರಿಂದ 20ಕ್ಕೆ ಹಾರಿತು, 2.8 ಆಂಪ್. ಲೈಟ್ ಬಂತು. ಪಕ್ಕದ ಪೋರ್ಟಿಗೆ ಹಬ್ ಹಾಕಿದೆ, ಮಾನಿಟರೂ ಬಂತು. ನಿಮಗೊಂದು ಕೊಡ ಜೋನಿ ಬೆಲ್ಲ ಬಾಕಿ. ಸಮಸ್ಯೆ ಬಗೆಹರಿಯಿತು ಅಂತ ಗುರುತು ಹಾಕುತ್ತೇನೆ.

ಬೆಸುಗೆ_ಕಡ್ಡಿ · ಜುಲೈ 9, ಮಧ್ಯಾಹ್ನ 2:30

ಬೆಲ್ಲ ಇರಲಿ, ಗುರುತು ಈಗಲೇ ಹಾಕಬೇಡಿ. ಯಾಕೆ ಸಿಕ್ಕಿಹಾಕಿಕೊಂಡಿತು ಅಂತ ಇನ್ನೂ ಗೊತ್ತಿಲ್ಲ.

ಗಿರ್ಮಿಟ್ · ಜುಲೈ 10, ಸಂಜೆ 6:18

ನಂದೂ ಸೇಮ್ ಪ್ರಾಬ್ಲಮ್ ರೀ! ಹುಬ್ಬಳ್ಳಿ, ಇಂಜಿನಿಯರಿಂಗ್ ಫೈನಲ್ ಇಯರ್. ತೆಳ್ಳನೆ ಲ್ಯಾಪ್‌ಟಾಪ್, ಇರುವುದೇ ಒಂದು ಟೈಪ್-ಸಿ. ಚಾರ್ಜ್ ಒಮ್ಮೆ ಆಗುತ್ತದೆ, ಒಮ್ಮೆ ಇಲ್ಲ. ಪ್ರಾಜೆಕ್ಟ್ ಡೆಮೊ ಮುಂದಿನ ವಾರ. ಪವರ್ ಬಟನ್ 30 ಸೆಕೆಂಡ್ ಒತ್ತಿದೆ, ಏನೂ ಆಗಲಿಲ್ಲ. ಹ್ಯಾಂಡ್ ಸ್ಯಾನಿಟೈಸರ್ ಹಚ್ಚಿ ಒರೆಸಿದೆ, ಅದರಿಂದಲೂ ಇಲ್ಲ.

ಬೆಸುಗೆ_ಕಡ್ಡಿ · ಜುಲೈ 10, ರಾತ್ರಿ 8:40

ಅಯ್ಯೋ ತಂಗಿ, ಸ್ಯಾನಿಟೈಸರಿನಲ್ಲಿ ನೀರೂ ಇದೆ, ಅಂಟೂ ಇದೆ. ಇನ್ನು ಮುಟ್ಟಬೇಡಿ. ನಿಮ್ಮದು ಸೇಮ್ ಇರಲಿಕ್ಕಿಲ್ಲ. "ಒಮ್ಮೆ ಆಗುತ್ತದೆ" ಅಂದಿರಲ್ಲ, ಆ ಒಮ್ಮೆ ಯಾವಾಗ? ಕೇಬಲ್ಲಿನ ತುದಿಯ ಮೇಲೆ ಚಿಕ್ಕ ಸ್ಟಿಕ್ಕರ್ ಅಂಟಿಸಿ. ಸ್ಟಿಕ್ಕರ್ ಮೇಲೆ ಇದ್ದಾಗ ಹತ್ತು ಸಲ, ಕೆಳಗೆ ಇದ್ದಾಗ ಹತ್ತು ಸಲ ಹಾಕಿ ನೋಡಿ.

ಗಿರ್ಮಿಟ್ · ಜುಲೈ 10, ರಾತ್ರಿ 9:25

ಅಣ್ಣಾ, ಸ್ಟಿಕ್ಕರ್ ಮೇಲೆ ಇದ್ದರೆ ಹತ್ತಕ್ಕೆ ಹತ್ತು. ಕೆಳಗೆ ಇದ್ದರೆ ಹತ್ತಕ್ಕೆ ಸೊನ್ನೆ! ಪೆನ್‌ಡ್ರೈವ್ ಕೂಡ ಹಾಗೇ, ಒಂದು ಕಡೆ ಮಾತ್ರ ತೆರೆಯುತ್ತದೆ. ಎರಡು ತಿಂಗಳಿಂದ ಇದು ದೆವ್ವದ ಆಟ ಅಂತ ತಿಳಿದಿದ್ದೆ. ಲ್ಯಾಬಿನಲ್ಲಿ ಮೀಟರ್ ಇದೆ, ನಾಳೆ ನೋಡುತ್ತೇನೆ.

ಬೆಸುಗೆ_ಕಡ್ಡಿ · ಜುಲೈ 10, ರಾತ್ರಿ 9:50

ಮೀಟರಿನಲ್ಲಿ ಒಂದು ಕಡೆ 20 ವೋಲ್ಟ್, ಇನ್ನೊಂದು ಕಡೆ ಸ್ಕ್ರೀನೇ ಹತ್ತುವುದಿಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ. ಎರಡು ಸಿಸಿ ಪಿನ್ನಿನಲ್ಲಿ ಒಂದು ಹೋಗಿದೆ. ಹೇಗೆ ಹಾಕಿದಿರಿ ಅನ್ನುವುದರ ಮೇಲೆ ಅವೆರಡರಲ್ಲಿ ಒಂದೇ ಕೆಲಸಕ್ಕೆ ಬರುವುದು. ಅದು ಸರಿ ಇಲ್ಲದಿದ್ದರೆ ಯಾರು ಬಂದಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಹಾಗಾಗಿ ಆ ಕಡೆ ಚಾರ್ಜೂ ಇಲ್ಲ, ಡೇಟಾನೂ ಇಲ್ಲ.

ಡೆಮೊ ಮುಗಿಯುವವರೆಗೆ ಸ್ಟಿಕ್ಕರ್ ಮೇಲೆ ಇಟ್ಟುಕೊಂಡು ಬಳಸಿ. ವೈರ್ ಎಳೆಯಬೇಡಿ. ಹಾಸಿಗೆ ಮೇಲೆ ಮಡಿಲಲ್ಲಿ ಇಟ್ಟುಕೊಂಡು ವೈರ್ ಮಡಚಿಕೊಂಡು ಕೂರುವ ಅಭ್ಯಾಸ ಇದ್ದರೆ ಅದೂ ಬೇಡ. ಟೈಪ್-ಸಿ ಪೋರ್ಟನ್ನು 10,000 ಸಲ ಹಾಕಿ ತೆಗೆದರೂ ತಡೆಯುವ ಲೆಕ್ಕದಲ್ಲಿ ಮಾಡಿರುತ್ತಾರೆ. ನೆಟ್ಟಗೆ ಹಾಕಿ ನೆಟ್ಟಗೆ ತೆಗೆದರೆ ಆ ಲೆಕ್ಕ. ಪಕ್ಕಕ್ಕೆ ಬೀಳುವ ಭಾರ ಆ ಲೆಕ್ಕದಲ್ಲಿ ಸೇರಿಲ್ಲ.

ಇಸಾರ್_ತೀರ · ಜುಲೈ 11, ಬೆಳಗ್ಗೆ 3:05

ಮ್ಯೂನಿಕ್‌ನಿಂದ ಓದುತ್ತಿದ್ದೇನೆ, ಇಲ್ಲಿ ಇನ್ನೂ ರಾತ್ರಿ. ಯುರೋಪ್ ಒಕ್ಕೂಟ ಟೈಪ್-ಸಿ ಚಾರ್ಜಿಂಗ್ ಅನ್ನು 2024ರ ಡಿಸೆಂಬರ್ 28ರಿಂದ ಫೋನ್‌ಗಳಿಗೆ ಕಡ್ಡಾಯ ಮಾಡಿತು. ಲ್ಯಾಪ್‌ಟಾಪ್‌ಗಳಿಗೆ ಕೊಟ್ಟ ದಿನ 2026ರ ಏಪ್ರಿಲ್ 28. ಒಂದೇ ಚಾರ್ಜರ್ ಅನ್ನುವುದು ಚೆನ್ನಾಗಿದೆ. ಆದರೆ ಹಳೇ ಗುಂಡು ಪಿನ್ ಹೋದರೆ ಚಾರ್ಜ್ ಮಾತ್ರ ಹೋಗುತ್ತಿತ್ತು, ಮಾನಿಟರ್, ಪೆನ್‌ಡ್ರೈವ್ ಉಳಿಯುತ್ತಿದ್ದವು. ಈಗ ಎಲ್ಲಾ ಮೊಟ್ಟೆ ಒಂದೇ ಬುಟ್ಟಿಯಲ್ಲಿ.

ಇನ್ನೊಂದು ದೂರು: ಕೇಬಲ್ ನೋಡಲಿಕ್ಕೆ ಎಲ್ಲಾ ಒಂದೇ, ಒಳಗೆ ಬೇರೆ ಬೇರೆ. ಫೋನ್ ಜೊತೆ ಬಂದ ಕೇಬಲ್ಲಿನಲ್ಲಿ ಮಾನಿಟರ್ ಬರುವುದಿಲ್ಲ ಅಂತ ಪೂರ್ತಿ ಒಂದು ಭಾನುವಾರ ಕಳೆದಿದ್ದೇನೆ.

ಪೆಂಗ್ವಿನ್_ಪ್ರಿಯ · ಜುಲೈ 11, ಬೆಳಗ್ಗೆ 7:40

ಕೇಬಲ್ ವಿಷಯ ಹೊಸಬರಿಗಾಗಿ ಒಂದು ಮಾತು. ಮಾಮೂಲಿ ಟೈಪ್-ಸಿ ಕೇಬಲ್ 3 ಆಂಪ್‌ವರೆಗೆ, ಅಂದರೆ 20 ವೋಲ್ಟಿನಲ್ಲಿ 60 ವಾಟ್. ಅದಕ್ಕಿಂತ ಜಾಸ್ತಿ ಬೇಕಾದರೆ ಕೇಬಲ್ಲಿನ ಒಳಗೇ ಇ-ಮಾರ್ಕರ್ ಅನ್ನುವ ಚಿಕ್ಕ ಚಿಪ್ ಇರಬೇಕು. 65 ವಾಟ್ ಚಾರ್ಜರಿಗೆ ಫೋನ್ ಕೇಬಲ್ ಹಾಕಿದರೆ 60ರ ಮೇಲೆ ಹೋಗುವುದಿಲ್ಲ. ಚಾರ್ಜಿಂಗ್‌ಗೆ ಮಾತ್ರ ಅಂತ ಕೊಡುವ ಬಹಳಷ್ಟು ಕೇಬಲ್‌ಗಳಲ್ಲಿ ಡೇಟಾ ಹಳೇ ಯುಎಸ್‌ಬಿ 2ರ ವೇಗ, 480 ಮೆಗಾಬಿಟ್. ಮಾನಿಟರಿಗೆ ಬೇಕಾದ ತಂತಿಗಳು ಅದರಲ್ಲಿ ಇರುವುದೇ ಇಲ್ಲ.

ಕಟ್ಟೆ_ನಿರ್ವಾಹಕ · ಜುಲೈ 11, ಬೆಳಗ್ಗೆ 9:00

ಯುರೋಪ್ ಕಾನೂನಿಗೆ ಬೇರೆ ಎಳೆ ತೆರೆಯಿರಿ. ಗಿರ್ಮಿಟ್ ಅವರದ್ದೂ ಬೇರೆಯೇ ಆಗಬೇಕಿತ್ತು, ಆದರೆ ಎರಡನ್ನೂ ಅಕ್ಕಪಕ್ಕ ಓದಿದರೆ ಉಪಯೋಗ ಅನ್ನಿಸಿತು. ಇಲ್ಲೇ ಇರಲಿ.

ಅಘನಾಶಿನಿ_ದಡ · ಜುಲೈ 13, ರಾತ್ರಿ 8:31

ಮತ್ತೆ ಸತ್ತಿತು. ಎರಡೂ. ಮತ್ತೆ 5.1 ವೋಲ್ಟ್. ತೂತು ಒತ್ತಿದ ಮೇಲೆ ಮತ್ತೆ ಬದುಕಿತು. 10ನೇ ತಾರೀಕೇ ರಿಟರ್ನ್ ಹಾಕಿ ಮುಗಿಸಿದ್ದೆ, ಪುಣ್ಯ. ಆದರೆ 20ಕ್ಕೆ ಜಿಎಸ್‌ಟಿಆರ್-3ಬಿ ಇದೆ. ಪೇಪರ್ ಕ್ಲಿಪ್ಪನ್ನು ಕತ್ತಿಗೆ ನೇತುಹಾಕಿಕೊಂಡು ಓಡಾಡುವುದಾ?

ಪೆಂಗ್ವಿನ್_ಪ್ರಿಯ · ಜುಲೈ 13, ರಾತ್ರಿ 9:10

ಮುಂದಿನ ಸಲ ಸತ್ತಾಗ ತಕ್ಷಣ ತೂತು ಒತ್ತಬೇಡಿ. ಪೆನ್‌ಡ್ರೈವಿನಲ್ಲಿ ಲೈವ್ ಲಿನಕ್ಸ್ (ವಿಂಡೋಸ್ ಬದಲು ಪೆನ್‌ಡ್ರೈವಿನಿಂದಲೇ ನಡೆಯುವ ಸಿಸ್ಟಮ್) ಹಾಕಿ ಬಲಗಡೆಯ ಯುಎಸ್‌ಬಿಯಿಂದ ಬೂಟ್ ಮಾಡಿ. ಇನ್‌ಸ್ಟಾಲ್ ಮಾಡಬೇಡಿ, ಸುಮ್ನೆ "ಟ್ರೈ" ಅಂತ ಕೊಡಿ. ಅಲ್ಲೂ ಪೋರ್ಟ್ ಸತ್ತೇ ಇದ್ದರೆ ವಿಂಡೋಸ್ ತಪ್ಪಲ್ಲ. ವಿಂಡೋಸನ್ನು ಮತ್ತೆ ಹಾಕಿಸುವ ಖರ್ಚು, ತಲೆನೋವು ಎರಡೂ ಉಳಿಯುತ್ತವೆ.

ಬೆಸುಗೆ_ಕಡ್ಡಿ · ಜುಲೈ 13, ರಾತ್ರಿ 10:15

ಅದನ್ನು ಮಾಡಿ. ಜೊತೆಗೆ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಸತ್ತಿತು, ಆಗ ಏನೇನು ಹಾಕಿತ್ತು, ಅದಕ್ಕೆ ಮೊದಲು ಮನೆಯಲ್ಲಿ ಏನಾಯಿತು. ರೋಗಿ ಎದುರಿಗಿಲ್ಲದೆ ಔಷಧ ಹೇಳುವವನಿಗೆ ಇಷ್ಟಾದರೂ ಬೇಕು.

ಅಘನಾಶಿನಿ_ದಡ · ಜುಲೈ 17, ಮಧ್ಯಾಹ್ನ 12:45

ಹಾಳೆ ತುಂಬಿತು. ಇದ್ದದ್ದನ್ನು ಹಾಗೇ ಬರೆಯುತ್ತೇನೆ.

14, ಸಂಜೆ 5:20. ಕರೆಂಟ್ ಹೋಯಿತು, 5:50ಕ್ಕೆ ಬಂತು, ಪೋರ್ಟ್ ಸತ್ತಿತ್ತು. ಲೈವ್ ಲಿನಕ್ಸ್ ಹಾಕಿದೆ, ಅಲ್ಲೂ ಸತ್ತೇ ಇತ್ತು.
15, ಇಡೀ ದಿನ ಕರೆಂಟ್ ಇತ್ತು. (ಆಶ್ಚರ್ಯ!) ಪೋರ್ಟಿಗೆ ಏನೂ ಆಗಲಿಲ್ಲ.
16, ಬೆಳಗ್ಗೆ ಎರಡು ಸಲ ಕರೆಂಟ್ ಹೋಗಿ ಬಂತು. ಮೊದಲ ಸಲ ಏನೂ ಆಗಲಿಲ್ಲ, ಎರಡನೇ ಸಲ ಸತ್ತಿತು. ಸಂಜೆ ಮತ್ತೆ ಹೋಯಿತು, ಆಗ ಹಬ್ ಇರಲಿಲ್ಲ, ಬರೀ ಚಾರ್ಜರ್. ಏನೂ ಆಗಲಿಲ್ಲ.

8ನೇ ತಾರೀಕು ಡೇರಿಗೆ ಹೋಗಿದ್ದಾಗಲೂ ಕರೆಂಟ್ ಹೋಗಿ ಬಂದಿತ್ತಂತೆ, ಹೆಂಡತಿ ಹೇಳಿದಳು. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಬಂದರೆ ಮರ, ಮರ ಬಿದ್ದರೆ ಲೈನು. ಅದನ್ನು ಯಾರು ಗಮನಿಸುತ್ತಾರೆ? ಇನ್ವರ್ಟರ್ ಇದೆ, ಆದರೆ ಅದು ಬಲ್ಬ್, ಫ್ಯಾನಿಗೆ ಮಾತ್ರ. ನನ್ನ ಟೇಬಲ್ಲಿನ ಪ್ಲಗ್ ನೇರ ಲೈನಿನಲ್ಲಿದೆ.

ಇವತ್ತು ಕರೆಂಟಿಗೆ ಕಾಯುವುದು ಯಾಕೆ ಅಂತ ನಾನೇ ಆಟ ಶುರು ಮಾಡಿದೆ. ಹಬ್ಬಿಗೆ ಚಾರ್ಜರ್, ಮಾನಿಟರ್, ನೆಟ್ ವೈರ್ ಎಲ್ಲಾ ಹಾಕಿ ಗೋಡೆಯ ಸ್ವಿಚ್ ಆಫ್ ಆನ್ ಮಾಡುತ್ತಾ ಹೋದೆ. ಮೂರನೇ ಸಲಕ್ಕೆ ಸತ್ತಿತು. ತೂತು ಒತ್ತಿ ಮತ್ತೆ ಮಾಡಿದೆ, ಐದನೇ ಸಲಕ್ಕೆ ಸತ್ತಿತು. ಆಮೇಲೆ ಚಾರ್ಜರ್ ಒಂದು ಪೋರ್ಟಿಗೆ ನೇರ, ಹಬ್ ಇನ್ನೊಂದು ಪೋರ್ಟಿಗೆ. ಹತ್ತು ಸಲ ಸ್ವಿಚ್ ಹಾಕಿ ತೆಗೆದೆ. ಒಮ್ಮೆಯೂ ಸಾಯಲಿಲ್ಲ!

ಬೆಸುಗೆ_ಕಡ್ಡಿ · ಜುಲೈ 17, ಮಧ್ಯಾಹ್ನ 2:20

ನಿಮ್ಮನ್ನು ಅಂಗಡಿಗೆ ಕೆಲಸಕ್ಕೆ ತಗೊಳ್ಳುತ್ತೇನೆ.

ಏನಾಗುತ್ತಿದೆ ಅಂದರೆ, ಚಾರ್ಜರ್ ಹಬ್ಬಿನ ಮೂಲಕ ಬರುವಾಗ ಲ್ಯಾಪ್‌ಟಾಪಿಗೆ ವಿದ್ಯುತ್ ಕೊಡುವವನು ಹಬ್. ಕರೆಂಟ್ ಹೋದ ಕೂಡಲೇ ಆ ಸಂಬಂಧ ತಲೆಕೆಳಗಾಗಬೇಕು. ಈಗ ಲ್ಯಾಪ್‌ಟಾಪೇ ಹಬ್ಬಿಗೆ ವಿದ್ಯುತ್ ಕೊಡಬೇಕು. ಕರೆಂಟ್ ಬಂದರೆ ಮತ್ತೆ ಉಲ್ಟಾ. ಈ ಅದಲು ಬದಲು ಪಿಡಿ ಮಾತುಕತೆಯಲ್ಲೇ ನಡೆಯುವುದು. ಹಬ್ ಒಂದು ಹೇಳಿ ಲ್ಯಾಪ್‌ಟಾಪಿನ ಚಿಪ್ ಇನ್ನೊಂದು ಕೇಳಿಸಿಕೊಂಡರೆ ಅಲ್ಲೇ ನಿಂತುಬಿಡುತ್ತದೆ. ಬರೀ ಚಾರ್ಜರ್ ಇದ್ದರೆ ಇಂಥ ಅದಲು ಬದಲಿಲ್ಲ. ಅದಕ್ಕೇ 16ರ ಸಂಜೆ ಬದುಕಿತ್ತು.

ಪೆಂಗ್ವಿನ್_ಪ್ರಿಯ · ಜುಲೈ 17, ಸಂಜೆ 4:00

ಹಾಗಾದರೆ ತಪ್ಪು ಹಬ್ಬಿನದೋ ಲ್ಯಾಪ್‌ಟಾಪಿನದೋ? ಹಬ್ ಏನೇ ಹಾಳು ಮಾತಾಡಿದರೂ ಲ್ಯಾಪ್‌ಟಾಪಿನ ಚಿಪ್ ಹೀಗೆ ಮೂರ್ಛೆ ಹೋಗಬಾರದು ಅಲ್ವಾ?

ಬೆಸುಗೆ_ಕಡ್ಡಿ · ಜುಲೈ 17, ಸಂಜೆ 4:25

ಸರಿಯಾದ ಪ್ರಶ್ನೆ. ಹೋಗಬಾರದು. ಅದಕ್ಕೆ ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೇ ಕೂತಿರುವ ಸಾಫ್ಟ್‌ವೇರ್, ನೋಡಬೇಕು. ಅಘನಾಶಿನಿಯವರೇ, ನಿಮ್ಮ ಮಾಡೆಲ್ಲಿನ ಅಧಿಕೃತ ಡೌನ್‌ಲೋಡ್ ಪುಟಕ್ಕೆ ಹೋಗಿ. ಬಯೋಸ್ (ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಮೊದಲು ಓಡುವ ಪ್ರೋಗ್ರಾಮ್) ಒಂದು, ಥಂಡರ್‌ಬೋಲ್ಟ್ (ಟೈಪ್-ಸಿ ಪೋರ್ಟಿನಲ್ಲೇ ಬರುವ ಹೆಚ್ಚು ವೇಗದ ಜೋಡಣೆ) ಇದ್ದರೆ ಅದರ ಫರ್ಮ್‌ವೇರ್ ಒಂದು, ಕೆಲವು ಮಾಡೆಲ್‌ಗಳಲ್ಲಿ ಪಿಡಿ ಫರ್ಮ್‌ವೇರ್ ಬೇರೆ. ಮೂರನ್ನೂ ನೋಡಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಇವನ್ನು ಯಾರೂ ಮುಟ್ಟಿರುವುದಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರ್ ಹಾಕದೆ ಬಯೋಸ್ ಅಪ್‌ಡೇಟ್ ಶುರುವಾಗುವುದೇ ಇಲ್ಲ. ಚಾರ್ಜರ್ ಪೋರ್ಟ್ ಸತ್ತವನು ಅದನ್ನು ಸರಿ ಮಾಡುವ ಅಪ್‌ಡೇಟ್ ಹಾಕಲಿಕ್ಕೂ ಚಾರ್ಜರ್ ಪೋರ್ಟ್ ಬೇಕು! ನಿಮಗೆ ತೂತು ಇದೆ, ಬದುಕಿರುವಾಗಲೇ ಮಾಡಿ. ಬ್ಯಾಟರಿ ತುಂಬಾ ಇರಲಿ, ಚಾರ್ಜರ್ ಇನ್ವರ್ಟರ್ ಲೈನಿಗೆ ಹಾಕಿ, ಹಬ್ ತೆಗೆಯಿರಿ, ನಡುವೆ ಮುಚ್ಚಳ ಮುಚ್ಚಬೇಡಿ. ಅಪ್‌ಡೇಟ್ ಅರ್ಧಕ್ಕೆ ನಿಂತರೆ ಆಗ ನಿಜವಾಗಿಯೂ ಮದರ್‌ಬೋರ್ಡ್ ಮಾತು ಬರುತ್ತದೆ. 20ರ ರಿಟರ್ನ್ ಮುಗಿಸಿ ಆಮೇಲೆ ಮಾಡಿ ಅಂತ ನನ್ನ ಸಲಹೆ.

ಮೈಸೂರ್_ಪಾಕ್_ಪ್ರೇಮಿ · ಜುಲೈ 17, ಸಂಜೆ 5:12

ಅಂದರೆ ತೇವ ಅಲ್ಲವೇ ಅಲ್ಲ?

ಬೆಸುಗೆ_ಕಡ್ಡಿ · ಜುಲೈ 17, ಸಂಜೆ 5:30

ಇವರದ್ದರಲ್ಲಿ ಅಲ್ಲ. ಆದರೆ ನಿಮ್ಮ ಅನುಮಾನ ತಪ್ಪೇನಲ್ಲ. ಕರಾವಳಿ, ಮಲೆನಾಡಿನಿಂದ ಬರುವ ಪೋರ್ಟ್‌ಗಳಲ್ಲಿ ಹಸಿರು ಕಿಲುಬು ನೋಡುತ್ತಲೇ ಇರುತ್ತೇನೆ. ವಿನ್ಯಾಸದಲ್ಲೇ ಒಂದು ಕಷ್ಟ ಇದೆ. 20 ವೋಲ್ಟ್ ಹರಿಯುವ ಪಿನ್ ಪಕ್ಕದಲ್ಲೇ ಸಿಸಿ ಪಿನ್ ಕೂತಿದೆ. ನಡುವೆ ತೇವ, ಉಪ್ಪು, ಕೈ ಬೆವರು ಸೇರಿದರೆ ಪಿನ್ ತಿಂದುಹಾಕುತ್ತದೆ. ಕೆಲವೊಮ್ಮೆ 20 ವೋಲ್ಟ್ ಸಿಸಿಗೆ ನುಗ್ಗಿ ಒಳಗಿನ ಚಿಪ್ಪನ್ನೂ ಸುಡುತ್ತದೆ. ತೇವ ಇದೆ ಅನ್ನಿಸಿದರೆ ಚಾರ್ಜರ್ ಹಾಕಲೇಬೇಡಿ.

ಒರೆಸುವುದು ಹೇಗೆ ಅಂತ ಯಾರೋ ಮೆಸೇಜಿನಲ್ಲಿ ಕೇಳಿದ್ದರು. ಆಫ್ ಮಾಡಿ, ಸಾಧ್ಯವಾದರೆ ಬ್ಯಾಟರಿ ಕನೆಕ್ಟರನ್ನೂ ಬಿಚ್ಚಿ. ಮೆತ್ತನೆ ಬ್ರಷ್, ಇಲ್ಲಾ ತೆಳ್ಳಗೆ ಕೆರೆದ ಮರದ ಹಲ್ಲುಕಡ್ಡಿ. 99% ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ, ಪೂರ್ತಿ ಆರಲು ಬಿಡಿ. ಸೇಫ್ಟಿ ಪಿನ್ ಹಾಕಿದವರೇ ಆಮೇಲೆ ನನ್ನ ಅಂಗಡಿಗೆ ಬರುವವರು.

ಗಿರ್ಮಿಟ್ · ಜುಲೈ 22, ರಾತ್ರಿ 7:55

ಡೆಮೊ ಮುಗಿಯಿತು ರೀ, ಸ್ಟಿಕ್ಕರ್ ಕೃಪೆ. ಮೀಟರಿನಲ್ಲಿ ಅಣ್ಣ ಹೇಳಿದ ಹಾಗೇ ಬಂತು, ಒಂದು ಕಡೆ 20, ಇನ್ನೊಂದು ಕಡೆ ಸ್ಕ್ರೀನ್ ಕತ್ತಲು. ಇವತ್ತು ಇಲ್ಲೇ ಒಬ್ಬರು ಚಿಪ್ ಲೆವೆಲ್ ಮಾಡುವವರ ಹತ್ತಿರ ಹೋಗಿದ್ದೆ. ಲೆನ್ಸಿನಲ್ಲಿ ತೋರಿಸಿದರು, ನಾಲಗೆಯ ಒಂದು ಬದಿಯಲ್ಲಿ ಪಿನ್ ಕರ್ರಗೆ ಆಗಿ ಎದ್ದುಬಂದಿತ್ತು. ನನ್ನದರಲ್ಲಿ ಪೋರ್ಟ್ ಮದರ್‌ಬೋರ್ಡ್ ಮೇಲೇ ಬೆಸುಗೆ ಆಗಿದೆ. ಬಿಸಿ ಗಾಳಿಯಲ್ಲಿ ಹಳೆಯದನ್ನು ತೆಗೆದು ಹೊಸದು ಕೂರಿಸಿದರು. 1,800 ರೂಪಾಯಿ, ಮೂರು ಗಂಟೆ. ಕೆಲವು ಮಾಡೆಲ್ಲಿನಲ್ಲಿ ಪೋರ್ಟ್ ಬೇರೆ ಚಿಕ್ಕ ಬೋರ್ಡಿನಲ್ಲಿ ಇರುತ್ತದೆ, ಆಗ ಬೋರ್ಡನ್ನೇ ಬದಲಿಸಬಹುದು, ಕೆಲಸ ಸುಲಭ ಅಂದರು.

ಈಗ ಎರಡೂ ಕಡೆ ಹತ್ತಕ್ಕೆ ಹತ್ತು. ಸ್ಟಿಕ್ಕರ್ ಮಾತ್ರ ತೆಗೆಯಲಿಲ್ಲ.

ಬೆಸುಗೆ_ಕಡ್ಡಿ · ಜುಲೈ 22, ರಾತ್ರಿ 9:00

ನ್ಯಾಯವಾದ ರೇಟು. ಕೆಲಸ ಮಾಡಿದವರಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ ತಂಗಿ.

ಅಘನಾಶಿನಿ_ದಡ · ಜುಲೈ 24, ರಾತ್ರಿ 9:15

3ಬಿ ಮುಗಿಸಿ ಉಸಿರು ಬಿಟ್ಟು ಅಪ್‌ಡೇಟ್ ಹಾಕಿದೆ. ಬಯೋಸ್ 2019ರದ್ದೇ ಇತ್ತು, ಯಾರೂ ಮುಟ್ಟಿರಲಿಲ್ಲ. ಥಂಡರ್‌ಬೋಲ್ಟ್ ಫರ್ಮ್‌ವೇರೂ ಹಳೆಯದು. ಬಯೋಸ್ ಹಾಕುವಾಗ ಸ್ಕ್ರೀನ್ ಎರಡು ನಿಮಿಷ ಕಪ್ಪಾಯಿತು. ಆ ಎರಡು ನಿಮಿಷ ಮನೆಯಲ್ಲಿ ಯಾರೂ ಮಿಕ್ಸಿ ಹಾಕಬಾರದು ಅಂತ ಕಟ್ಟಪ್ಪಣೆ ಮಾಡಿದ್ದೆ. ಇನ್ವರ್ಟರಿಗೂ ಮಿಕ್ಸಿಗೂ ಸಂಬಂಧವೇ ಇಲ್ಲ, ಭಯ ಅಷ್ಟೇ.

ಆಮೇಲೆ ಹಳೇ ಹಬ್ಬನ್ನೇ ಹಾಕಿ, ಅದರಲ್ಲೇ ಚಾರ್ಜರ್ ಹಾಕಿ, ಗೋಡೆಯ ಸ್ವಿಚ್ ಆಟ. 20 ಸಲ. ಪ್ರತಿ ಸಲ ಮೀಟರ್ 20 ವೋಲ್ಟಿಗೆ ವಾಪಸ್ ಬಂತು. ಒಂದು ಸಲ ಮಾನಿಟರ್ ಬರಲು ತಡ ಮಾಡಿತು, ಬಿಟ್ಟರೆ ಪೋರ್ಟ್ ಸಾಯಲಿಲ್ಲ.

ಪೆಂಗ್ವಿನ್ ಅವರೇ, ಇದು ನಿಮ್ಮ ಪ್ರಶ್ನೆಗೆ ಉತ್ತರ ಅನ್ನಿಸುತ್ತದೆ. ಹಬ್ ಅದೇ, ಕೇಬಲ್ ಅದೇ. ಬದಲಾದದ್ದು ಫರ್ಮ್‌ವೇರ್ ಒಂದೇ.

ಪೆಂಗ್ವಿನ್_ಪ್ರಿಯ · ಜುಲೈ 24, ರಾತ್ರಿ 9:40

ಒಪ್ಪಿದೆ. ಆದರೂ ಚಾರ್ಜರನ್ನು ಬೇರೆ ಪೋರ್ಟಿಗೇ ಹಾಕಿ ಸರ್. ಎರಡು ಪೋರ್ಟ್ ಇರುವವರು ಒಂದರ ಮೇಲೇ ಯಾಕೆ ಎಲ್ಲಾ ಹೇರಬೇಕು?

ಅಘನಾಶಿನಿ_ದಡ · ಜುಲೈ 24, ರಾತ್ರಿ 9:52

ಹಾಕಿದ್ದೇನೆ. ಟೇಬಲ್ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಸೇರಿಸಲು ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತಾನೆ.

ಕಟ್ಟೆ_ನಿರ್ವಾಹಕ · ಆಗಸ್ಟ್ 9, ಬೆಳಗ್ಗೆ 10:00

ಅಘನಾಶಿನಿಯವರೇ, ಎರಡು ವಾರ ದಾಟಿತು. ಸ್ಥಿತಿ ಹೇಗಿದೆ? ಬಗೆಹರಿದಿದೆ ಅಂತ ಗುರುತು ಹಾಕಲೇ?

ಅಘನಾಶಿನಿ_ದಡ · ಆಗಸ್ಟ್ 9, ಸಂಜೆ 6:40

ಹಾಕಿ. ಎಲೆಕ್ಟ್ರಿಷಿಯನ್ ಇನ್ನೂ ಬಂದಿಲ್ಲ, ಎರಡು ಭಾನುವಾರ ಹೋಯಿತು. ಹಾಗಾಗಿ ಲೆಕ್ಕ ಸಿಕ್ಕಿತು: ಅಪ್‌ಡೇಟ್ ಆದ ಮೇಲೆ ಕರೆಂಟ್ ಹದಿನೇಳು ಸಲ ಹೋಗಿ ಬಂದಿದೆ, ಪೋರ್ಟ್ ಒಮ್ಮೆಯೂ ಕೈಕೊಟ್ಟಿಲ್ಲ. ಮೀಟರನ್ನು ಹುಡುಗನಿಗೆ ವಾಪಸ್ ಕೊಟ್ಟು ನಾನೇ ಒಂದು ತರಿಸಿಕೊಂಡೆ. ಬೆಸುಗೆಯವರೇ, ಬೆಲ್ಲ ಕಳಿಸಲು ಅಂಗಡಿ ವಿಳಾಸ ಮೆಸೇಜ್ ಮಾಡಿ.

ಇದನ್ನು ಬರೆಯುತ್ತಿರುವಾಗಲೇ ಕರೆಂಟ್ ಹೋಯಿತು. ಹದಿನೆಂಟು.